ಆಳಂದದಲ್ಲಿ ಅವಳ ಹೆಸರು ಬೇರೆ

ಜೇವರ್ಗಿ
12 ನವೆಂಬರ್ 1991

ಪ್ರೀತಿಯ ವತ್ಸಲಾಗೆ,

ಇಲ್ಲಿ ಎಲ್ಲರೂ ಆರಾಮಾಗಿದ್ದೇವೆ, ನಿನ್ನ ಸಂಶೋಧನೆಗೆಂದು ನೀನು ದವಾಖಾನೆಗೆ ತಂದು ಕೂರಿಸಿದ ಕಂಪ್ಯೂಟರ್ ಒಂದನ್ನು ಬಿಟ್ಟು. ಕರೆಂಟು ಇಲ್ಲದಾಗ ಉಪವಾಸ ಕೂರುತ್ತದೆ, ಇದ್ದಾಗ ಟೆಲಿಫೋನಿನ ಜೊತೆ ಕೀ ಕೀ ಎಂದು ಜಗಳ ತೆಗೆಯುತ್ತದೆ. ಆದರೂ ಅದರ ಮೇಲೆ ನನಗೆ ಮಮತೆ ಬಂದುಬಿಟ್ಟಿದೆ. ದಿನಾ ಬೆಳಿಗ್ಗೆ ನಾನೇ ಸೆರಗಿನಿಂದ ಧೂಳು ಒರೆಸುತ್ತೇನೆ.

ಮೊದಲು ನಿನ್ನ ಮೇಲೊಂದು ತಕರಾರು. ಕವರಿನ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ ‘ಜಗದೇವಿ’ ಎಂದು ಯಾಕೆ ಬರೆದೆ? ಟಪಾಲಿನ ಹುಲೆಪ್ಪ ದವಾಖಾನೆಯ ಬಾಗಿಲಲ್ಲಿ ನಿಂತು, "ಜಗದೇವಿ ಅಂತ ಇಲ್ಲಿ ಯಾರೂ ಇಲ್ರಿ, ವಾಪಸ್ ಕಳಸ್ತೇನಿ" ಎನ್ನುತ್ತಿದ್ದ. ನಾನು ಓಡಿಹೋಗಿ ಕಿತ್ತುಕೊಂಡೆ. "ನಾನೇಪಾ ಅದು" ಎಂದರೂ ನಂಬಲೊಲ್ಲ. ಲಗ್ನದ ದಿನ ಗಂಡನ ಅಜ್ಜಿಯ ಹೆಸರಿಟ್ಟು ನನ್ನನ್ನು ಈ ಮನೆ ತುಂಬಿಸಿಕೊಂಡದ್ದನ್ನು ನೀನು ಕಣ್ಣಾರೆ ನೋಡಿದ್ದೀಯ. ಹೋಳಿಗೆ ತಿಂದವಳಿಗೆ ಹೆಸರು ಮರೆತರೆ ಹೇಗೆ? ಆಳಂದದ ಕಡೆಯ ಹಳ್ಳಿ ಕಿಣ್ಣಿ ಸುಲ್ತಾನದ ಜಗದೇವಿ ಈಗ ಜೇವರ್ಗಿಯ ಗುರುಶಾಂತಮ್ಮ. ಆಳಂದದ ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲಿ ಕೂತವಳು ನೀನು, ಪತ್ರದ ಒಳಗೆ ಏನಾದರೂ ಕರೆದುಕೋ, ಕವರಿನ ಮೇಲೆ ಬೇಡ.

ಕೆಲಸ ನಡೆದಿದೆ. ನೋಂದಣಿ ಮೇಜಿನಲ್ಲಿ ಇಲ್ಲಿ ನಾನು, ಅಫಜಲಪುರದ ದವಾಖಾನೆಯಲ್ಲಿ ಮುರ್ತುಜಾ, ಆಳಂದದ್ದರಲ್ಲಿ ಬೀಬಿಜಾನ. ಬಸುರಿ ಹೆಂಗಸರು ತೋರಿಸಿಕೊಳ್ಳುವುದು ಗಂಡನ ಊರಲ್ಲಿ, ಹಡೆಯುವುದು ತವರೂರಲ್ಲಿ. ಮೊದಲೆಲ್ಲ ಅವರ ಕೈಗೆ ಕೊಟ್ಟ ಕಾರ್ಡು ಬಸ್ಸಿನಲ್ಲೋ ಬುತ್ತಿಗಂಟಿನಲ್ಲೋ ಕಳೆದುಹೋಗುತ್ತಿತ್ತು. ಈಗ ಲೈನು ಖಾಲಿ ಇರುವ ಮುಂಜಾನೆ ನಾನು ಒಂದು ಗುಂಡಿ ಒತ್ತಿದರೆ ಆಕೆಯ ದಾಖಲೆ ಅವಳಿಗಿಂತ ಮೊದಲು ತವರು ಮುಟ್ಟಿರುತ್ತದೆ. ಡಾಕ್ಟರ್ ವ್ಯಂಕಟೇಶ ಅವರಿಗೆ ಇನ್ನೂ ಪೂರಾ ನಂಬಿಕೆ ಇಲ್ಲ. ಅದರ ಮುಂದೆ ನಿಂತು, ನೆಂಟರ ಮನೆ ನಾಯಿಯನ್ನು ನೋಡುವಂತೆ ನೋಡುತ್ತಾರೆ.

ಇನ್ನು ನನ್ನ ಸುದ್ದಿ. ಮೂರನೇ ತಿಂಗಳು. ಯಾರಿಗೂ ಬರೆದಿಲ್ಲ, ನಿನಗೇ ಮೊದಲು. ಹಿಂದಿನ ಎರಡರ ವಿಷಯ ನಿನಗೆ ಗೊತ್ತು. ಮೊದಲನೆಯದು ಹೊಟ್ಟೆಯಲ್ಲೇ ಹೋಯಿತು, ಎರಡನೆಯದು ಅವಸರ ಮಾಡಿ ಬಂದು, ಮೈ ಹಳದಿಯಾಗಿ ಹೋಯಿತು. ನನ್ನ ರಕ್ತ ನೆಗೆಟಿವ್ ಗುಂಪಿನದು, ಅದು ಮಗುವಿನ ರಕ್ತದ ಜೊತೆ ಹಗೆ ಸಾಧಿಸುತ್ತದಂತೆ. ಈ ಸಲ ಡಾಕ್ಟರು ಮೊದಲೇ ಎಲ್ಲ ಪರೀಕ್ಷೆ ಮಾಡಿಸುತ್ತಿದ್ದಾರೆ. ಹಡೆಯುವ ಹೊತ್ತಿಗೆ ಹೊಂದುವ ರಕ್ತ ತಯಾರಿದ್ದು, ಮಗುವನ್ನು ಕೂಡಲೇ ಗುಲಬರ್ಗಾಕ್ಕೆ ಒಯ್ದರೆ ಉಳಿಸಬಹುದು ಎನ್ನುತ್ತಾರೆ. ಅಂದರೆ ಹಡೆಸುವವರಿಗೆ ಇದೆಲ್ಲ ಮುಂಚೆಯೇ ಗೊತ್ತಿರಬೇಕು. ಅವ್ವ ಮಾತ್ರ ಹಟ ಹಿಡಿದಿದ್ದಾಳೆ, ಈ ಸಲ ಏಳನೇ ತಿಂಗಳಿಗೆ ಸೀರೆ ಉಡಿಸಿ ಕುಬಸ ಮಾಡಿ ತವರಿಗೇ ಒಯ್ಯುತ್ತಾಳಂತೆ. ಅಂದರೆ ನನ್ನ ಹೆರಿಗೆ ಆಳಂದದಲ್ಲಿ.

ಅದಕ್ಕೇ ಕೇಳುತ್ತೇನೆ, ಸರಿಯಾಗಿ ಹೇಳು. ನಾನು ಗುಂಡಿ ಒತ್ತಿದಾಗ ದಾಖಲೆ ಇಲ್ಲಿಂದ ಪೂರಾ ಹೋಗಿಬಿಡುತ್ತದೋ, ಇಲ್ಲೊಂದು ಉಳಿಯುತ್ತದೋ? ಮೊನ್ನೆ ಒಬ್ಬಳದು ಕಳಿಸಿ ಮತ್ತೆ ಹುಡುಕಿದರೆ, ‘ಇಲ್ಲಿಲ್ಲ, ಆಳಂದಕ್ಕೆ ಹೋಗಿದೆ’ ಎಂದಿತು. ನನ್ನದೂ ಹೀಗೇ ಹೋಗಿ ನಡುವೆ ಎಲ್ಲಾದರೂ ಸಿಕ್ಕಿಕೊಂಡರೆ?

ನಿನ್ನ,
ಗುರುಶಾಂತಮ್ಮ

*

ಹೈದರಾಬಾದ್
24 ನವೆಂಬರ್ 1991

ಪ್ರೀತಿಯ ಜಗದೇವಿ,

ಕವರಿನ ಮೇಲೆ ಗುರುಶಾಂತಮ್ಮ ಎಂದೇ ಬರೆದಿದ್ದೇನೆ, ಹುಲೆಪ್ಪನಿಗೆ ತೃಪ್ತಿಯಾಗಲಿ. ಒಳಗೆ ನನ್ನ ಇಷ್ಟ.

ನಿನ್ನ ಸುದ್ದಿಯನ್ನು ಲ್ಯಾಬಿನಲ್ಲೇ ಎರಡು ಸಲ ಓದಿದೆ. ಖುಷಿಯಾಯಿತು, ಹೆದರಿಕೆಯೂ ಆಯಿತು. ಹಿಂದಿನ ಎರಡು ಸಲವೂ ನಾನು ನಿನಗೆ ಏನು ಬರೆಯಬೇಕೋ ತಿಳಿಯದೆ ಹರಿದು ಹಾಕಿದ ಕಾಗದಗಳೇ ಹೆಚ್ಚು. ಈ ಸಲ ಖುಷಿಯ ಪತ್ರವನ್ನೇ ಬರೆಯುತ್ತೇನೆ ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದೇನೆ.

ಈಗ ನಿನ್ನ ಪ್ರಶ್ನೆ. ಹೌದು, ಪೂರಾ ಹೋಗುತ್ತದೆ. ಹೋಗಲೇಬೇಕು. ಇಲ್ಲೊಂದು ಅಲ್ಲೊಂದು ಉಳಿದರೆ ಏನಾಗುತ್ತದೆ ನೋಡು. ನೀನು ಜೇವರ್ಗಿಯದರಲ್ಲಿ ತೂಕ ಬರೆಯುತ್ತೀಯ, ಬೀಬಿಜಾನ ಆಳಂದದ್ದರಲ್ಲಿ ಇಂಜೆಕ್ಷನ್ ಬರೆಯುತ್ತಾಳೆ. ಆರು ವಾರದಲ್ಲಿ ಎರಡೂ ಬೇರೆ ಬೇರೆ ಮಾತಾಡುತ್ತವೆ, ಯಾವುದು ನಿಜ ಎಂದು ಡಾಕ್ಟರು ತಲೆ ಚಚ್ಚಿಕೊಳ್ಳಬೇಕು. ಒಬ್ಬಳು ಹೆಂಗಸು, ಒಂದೇ ದಾಖಲೆ. ಅವಳು ಎಲ್ಲಿದ್ದಾಳೋ ಅದೂ ಅಲ್ಲಿ.

ನೀನು ಅದನ್ನು ದಾಖಲೆ ಎನ್ನುತ್ತೀಯ, ನಾವು ವಸ್ತು ಎನ್ನುತ್ತೇವೆ. ಯಾಕೆಂದರೆ ಅದು ಬರೀ ಬರೆದಿಟ್ಟ ಕಾಗದವಲ್ಲ, ಅದಕ್ಕೆ ಮಾಡುವ ಕೆಲಸವೂ ಇದೆ. ದಿನ ಎಣಿಸುತ್ತದೆ, ಇಂಜೆಕ್ಷನ್ ಬಾಕಿ ಇದ್ದರೆ ಎಚ್ಚರಿಸುತ್ತದೆ, ರಕ್ತದ ವಿಷಯವಿದ್ದರೆ ತೆರೆದ ಕೂಡಲೇ ಕೂಗಿ ಹೇಳುತ್ತದೆ. ನೀನು ಕಳಿಸುವಾಗ ಅದು ಅರ್ಧ ಕೆಲಸದಲ್ಲಿದ್ದರೆ ಅಲ್ಲಿ ಹೋಗಿ ಉಳಿದರ್ಧ ಮಾಡುತ್ತದೆ. ರವೆ ಹುರಿಯುತ್ತಿದ್ದವಳು ಸೌಟು ಹಿಡಿದುಕೊಂಡೇ ಇನ್ನೊಬ್ಬರ ಮನೆಯ ಒಲೆಯ ಮುಂದೆ ನಿಂತು ಹುರಿಯುವುದನ್ನು ಮುಂದುವರಿಸಿದ ಹಾಗೆ. ಒಂದೇ ಕೋಣೆಯ ಯಂತ್ರಗಳ ನಡುವೆ ಇದನ್ನು ಮಾಡಿದವರು ಪ್ರಪಂಚದಲ್ಲಿ ಇದ್ದಾರೆ. ಜೇವರ್ಗಿಯ ಟೆಲಿಫೋನ್ ತಂತಿಯ ಮೇಲೆ ಮಾಡಿ ತೋರಿಸು ಎಂದು ನಮ್ಮ ಪ್ರೊಫೆಸರು ನಕ್ಕಿದ್ದರು. ಆ ನಗುವಿನ ಮೇಲೇ ನನ್ನ ಪಿಎಚ್.ಡಿ. ಪ್ರಬಂಧ ನಿಂತಿದೆ.

ಹೋಗುವಾಗ ಅದು ‘ಆಳಂದಕ್ಕೆ ಹೋಗಿದೆ’ ಎಂದು ಹೇಳಿ ಹೋಗಿತ್ತಲ್ಲ, ಹೆದರಬೇಡ. ಯಾರು ಹುಡುಕಿಕೊಂಡು ಬಂದರೂ ನಿನ್ನ ಯಂತ್ರ ಅವರನ್ನು ಆಳಂದಕ್ಕೆ ದಾರಿ ಹಚ್ಚುತ್ತದೆ. ಹಡೆದ ಮೇಲೆ ಕೂಸಿಗೊಂದು ವಸ್ತು ಹುಟ್ಟುತ್ತದೆ, ತಾಯಿಯದಕ್ಕೆ ಅದನ್ನು ಕಟ್ಟಿರುತ್ತೇವೆ. ತಾಯಿಯದು ಜೇವರ್ಗಿಗೆ ಮರಳಿದರೆ ಕೂಸಿನದೂ ಜೊತೆಗೇ ಬರುತ್ತದೆ. ಪ್ರೋಗ್ರಾಮಿನಲ್ಲಿ ಅದೊಂದನ್ನು ಬರೆಯುವಾಗ ನಾನು ನಿನ್ನನ್ನೇ ನೆನೆಸಿಕೊಂಡಿದ್ದೆ, ಹೇಳಿರಲಿಲ್ಲ.

ನಿನ್ನ ವಸ್ತು ನಿನಗಿಂತ ಮೊದಲು ಆಳಂದ ಮುಟ್ಟುತ್ತದೆ. ಇದು ನನ್ನ ಮಾತು.

ನಿನ್ನ,
ವತ್ಸಲಾ

*

ಜೇವರ್ಗಿ
9 ಜನವರಿ 1992

ವತ್ಸಲಾ,

ನಿನ್ನ ಮಾತು ನಿನ್ನ ಹತ್ತಿರವೇ ಇರಲಿ. ಇಲ್ಲಿ ಒಬ್ಬಳು ಹೆಂಗಸು ಸಾಯುತ್ತಿದ್ದಳು.

ಸಿಟ್ಟಿನಲ್ಲಿ ಹಿಂದುಮುಂದಾಗಿ ಬರೆದರೆ ನಿನಗೆ ತಿಳಿಯುವುದಿಲ್ಲ, ಮೊದಲಿನಿಂದ ಹೇಳುತ್ತೇನೆ. ನಮ್ಮ ಓಣಿಯ ಆಚೆ ಅನ್ನಪೂರ್ಣಾ ಎಂದು ಒಬ್ಬಳಿದ್ದಾಳೆ, ಹೋದ ವರ್ಷ ಮದುವೆಯಾಗಿ ಬಂದವಳು. ತವರು ಅಫಜಲಪುರದ ಕಡೆಯ ಚೌಡಾಪುರ. ಇಲ್ಲಿ ತೋರಿಸಿಕೊಳ್ಳುವಾಗ ಒಂದು ಇಂಜೆಕ್ಷನ್ ಮೈಗೆ ಆಗದೆ ಮುಖ ಬಾತು ಉಸಿರು ಕಟ್ಟಿತ್ತು. ಡಾಕ್ಟರು ಅದನ್ನು ನನ್ನಿಂದ ಬರೆಸಿದರು, ಇನ್ನೊಮ್ಮೆ ಕೊಡಬಾರದು ಎಂದು. ಅವಳನ್ನು ಚೌಡಾಪುರಕ್ಕೆ ಒಯ್ದ ದಿನವೇ ನಾನು ಅವಳ ದಾಖಲೆಯನ್ನು ಅಫಜಲಪುರಕ್ಕೆ ಕಳಿಸಿದೆ. ಮುಟ್ಟಿತು ಎಂದು ಯಂತ್ರವೂ ಹೇಳಿತು.

ಹೋದ ವಾರ ಅವಳ ಅಪ್ಪ ಜ್ವರವೆಂದು ಅವಳನ್ನು ಅಫಜಲಪುರಕ್ಕೆ ಕರೆದೊಯ್ದ. ಮುರ್ತುಜಾ ಹೆಸರು ಕೇಳಿದ. ಅಪ್ಪ "ನೀಲಮ್ಮ" ಎಂದ. ಮಗಳಿಗೆ ತಾನು ತೊಟ್ಟಿಲಲ್ಲಿ ಇಟ್ಟ ಹೆಸರು, ಮತ್ತೇನು ಹೇಳುತ್ತಾನೆ? ತವರಿನಲ್ಲಿ ಗಂಡನ ಮನೆಯ ಹೆಸರು ಯಾರ ಬಾಯಲ್ಲಿ ಬರುತ್ತದೆ? ಯಂತ್ರ ನೀಲಮ್ಮ ಇಲ್ಲ ಎಂದಿತು. ಮುರ್ತುಜಾ ನನಗೆ ಫೋನು ಮಾಡಿ, "ಅಕ್ಕಾ, ಜೇವರ್ಗಿಯಾಗ ನೀಲಮ್ಮ ಅಂತ ಯಾರರ ಇದ್ದಾರೇನ್ರಿ?" ಎಂದ. ನಾನೂ ಹುಡುಕಿ, "ಇಲ್ಲೋ ತಮ್ಮಾ" ಎಂದೆ. ನಾನೇ ಎಂದೆ ವತ್ಸಲಾ. ಅವನು ಹೊಸ ದಾಖಲೆ ತೆರೆದ. ಹೊಸದರಲ್ಲಿ ಏನಿರುತ್ತದೆ? ಅದೇ ಇಂಜೆಕ್ಷನ್ ಕೊಟ್ಟರು.

ದೇವರು ದೊಡ್ಡವನು, ನರ್ಸು ಪಕ್ಕದಲ್ಲೇ ಇದ್ದಳು, ಅನ್ನಪೂರ್ಣಾ ಉಳಿದುಕೊಂಡಳು. ಹೊಟ್ಟೆಯೊಳಗಿನದೂ ಕ್ಷೇಮ. ಆದರೆ ಆ ಹೊತ್ತಿನಲ್ಲಿ ಅದೇ ಯಂತ್ರದೊಳಗೆ ಅನ್ನಪೂರ್ಣಾ ಎಂಬ ಹೆಸರಿನ ಕೆಳಗೆ ನಿನ್ನ ವಸ್ತು ಬಾಯಿ ಮುಚ್ಚಿಕೊಂಡು ಕೂತಿತ್ತು. ಒಬ್ಬಳು ಹೆಂಗಸು, ಒಂದೇ ದಾಖಲೆ ಎಂದೆಯಲ್ಲ?

ಬೈದರೆ ನಿನ್ನನ್ನೊಬ್ಬಳನ್ನೇ ಬೈಯಬೇಕಿತ್ತು, ಅಷ್ಟು ಸುಖವೂ ನನಗಿಲ್ಲ. ನೀನು ಆಳಂದದವಳು, ನಾನು ಎರಡು ಹೆಸರು ಹೊತ್ತವಳು, ಹುಲೆಪ್ಪ ನನ್ನ ಕಣ್ಣ ಮುಂದೆಯೇ ಪತ್ರ ವಾಪಸ್ ಒಯ್ಯುತ್ತಿದ್ದ, ನಾನು ನಕ್ಕೆ. ಇಬ್ಬರಿಗೂ ಹೊಳೆಯಲಿಲ್ಲ. ಇದು ನಮಗೆ ಎಷ್ಟು ರೂಢಿಯಾಗಿದೆ ಎಂದರೆ ಕಣ್ಣಿಗೇ ಬೀಳುವುದಿಲ್ಲ.

ಡಾಕ್ಟರು ನಿನ್ನೆ ಮೇಜಿನ ಹತ್ತಿರ ಬಂದರು. "ನೋಡ್ರಿ ಗುರುಶಾಂತಮ್ಮ, ಯುಗಾದಿ ತನಕ ಸುಧಾರಿಸಿದ್ರ ಸರಿ. ಇಲ್ಲಂದ್ರ ಇದನ್ನ ಗೋದಾಮಿಗೆ ಹಾಕಿ ಮತ್ತ ಕಾರ್ಡು ಶುರು ಮಾಡೋಣು" ಎಂದರು. ಸಿಟ್ಟು ಮಾಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

ನಾನು ಆಳಂದಕ್ಕೆ ಹೋದಾಗ ನನ್ನ ಅವ್ವ ಏನೆಂದು ಹೆಸರು ಹೇಳುತ್ತಾಳೆ, ನೀನೇ ಹೇಳು.

ಗುರುಶಾಂತಮ್ಮ

*

ಹೈದರಾಬಾದ್
20 ಜನವರಿ 1992

ಜಗದೇವಿ,

ಬೈದದ್ದು ಒಳ್ಳೆಯದಾಯಿತು. ಪತ್ರ ಓದಿ ಮೂರು ಹೊತ್ತು ಊಟ ಸೇರಲಿಲ್ಲ, ನಾಲ್ಕನೆಯ ಹೊತ್ತಿಗೆ ಬುದ್ಧಿ ಬಂತು.

ಮೊದಲು ನನಗೆ ತೋಚಿದ್ದು ಪ್ರತಿ ಹೆಂಗಸಿಗೂ ಒಂದು ನಂಬರು ಕೊಡುವುದು. ಚೀಟಿಯಲ್ಲಿ ಬರೆದು ಕೈಗೆ ಕೊಡೋಣ ಎಂದುಕೊಂಡೆ. ಕಾರ್ಡು ಎಲ್ಲಿ ಹೋಗುತ್ತಿತ್ತೋ ಆ ಚೀಟಿಯೂ ಅಲ್ಲಿಗೇ ಹೋಗುತ್ತದೆ ಎಂದು ನೀನು ಹೇಳುವುದು ಕಿವಿಯಲ್ಲಿ ಕೇಳಿಸಿತು. ಬಿಟ್ಟೆ.

ತಪ್ಪು ಎಲ್ಲಿದೆ ಗೊತ್ತಾ? ವಸ್ತು ಊರಿಂದ ಊರಿಗೆ ಹೋಗುವಾಗ ನಾನು ಹೆಸರನ್ನೂ ಅದರ ಬೆನ್ನಿಗೆ ಕಟ್ಟಿ ಕಳಿಸಿದೆ. ಹೆಸರು ಅವಳದು ಎಂದುಕೊಂಡೆ. ಅಲ್ಲ. ಹೆಸರು ಕರೆಯುವವರದು. ಜೇವರ್ಗಿ ಒಂದು ಹೆಸರಿಂದ ಕರೆಯುತ್ತದೆ, ಕಿಣ್ಣಿ ಸುಲ್ತಾನ ಇನ್ನೊಂದರಿಂದ. ಅದು ಊರಲ್ಲೇ ಉಳಿಯಬೇಕು, ಹೋಗುವುದು ಅವಳು ಮಾತ್ರ.

ಈಗ ಹೀಗೆ ಮಾಡಿದ್ದೇನೆ. ನಂಬರು ಇದೆ, ಆದರೆ ವಸ್ತುವಿನ ಒಳಗೆ. ಯಾರೂ ಅದನ್ನು ನೆನಪಿಡಬೇಕಿಲ್ಲ, ಯಂತ್ರಗಳೇ ನೋಡಿಕೊಳ್ಳುತ್ತವೆ. ಹೆಸರಿನ ಪಟ್ಟಿ ಮಾತ್ರ ಒಂದೊಂದು ಊರಿನ ಯಂತ್ರಕ್ಕೆ ಒಂದೊಂದು. ಅನ್ನಪೂರ್ಣಾಳ ವಸ್ತು ಅಫಜಲಪುರಕ್ಕೆ ಬಂದ ಕೂಡಲೇ ಅಲ್ಲಿಯ ಪಟ್ಟಿಯಲ್ಲಿ ನೀಲಮ್ಮ ಎಂದು ಸೇರುತ್ತದೆ. ಜೇವರ್ಗಿಯ ಪಟ್ಟಿಯಲ್ಲಿ ಅನ್ನಪೂರ್ಣಾ ಹಾಗೇ ಇರುತ್ತದೆ. ಯಾರು ಯಾವ ಊರಲ್ಲಿ ಯಾವ ಹೆಸರು ಹಿಡಿದು ಕರೆದರೂ ಓ ಎನ್ನುವವಳು ಒಬ್ಬಳೇ. ಯಂತ್ರದ ಕಡೆಯ ಕೆಲಸ ಹೆಚ್ಚೇನಿಲ್ಲ. ತಿದ್ದಿದ ಪ್ರೋಗ್ರಾಮಿನ ಫ್ಲಾಪಿ ಕಳಿಸುತ್ತಿದ್ದೇನೆ, ಮೂರೂ ಕಡೆ ಹಾಕಿಸು.

ಆದರೆ ಒಂದು ಕೆಲಸ ಯಂತ್ರದಿಂದ ಆಗುವುದಿಲ್ಲ, ನಿನ್ನಿಂದಲೇ ಆಗಬೇಕು. ತವರಿನಲ್ಲಿ ಏನೆಂದು ಕರೆಯುತ್ತಾರೆ ಎಂದು ಹೊರಡುವ ಮೊದಲೇ ಕೇಳಿ ಬರೆದಿರಬೇಕು. ಕೇಳುವುದು ಸುಲಭ ಎಂದು ಇಲ್ಲಿ ಎಲ್ಲರೂ ಅಂದರು. ಅವರು ಯಾರೂ ಅತ್ತೆ ಪಕ್ಕದಲ್ಲಿ ನಿಂತಿರುವಾಗ ಹೆಸರು ಬರೆಸಿದವರಲ್ಲ.

ನನ್ನನ್ನು ಕ್ಷಮಿಸಬೇಡ, ಕೆಲಸ ಮಾಡಿಸಿಕೋ.

ವತ್ಸಲಾ

*

ಜೇವರ್ಗಿ
25 ಫೆಬ್ರವರಿ 1992

ಪ್ರೀತಿಯ ವತ್ಸಲಾ,

ಫ್ಲಾಪಿ ಮೂರೂ ಕಡೆ ಕೂತಿದೆ. ಮುರ್ತುಜಾ ಮೊದಲು ನೀಲಮ್ಮ, ಅನ್ನಪೂರ್ಣಾ ಎರಡನ್ನೂ ಕೂಡಿಸಿ ಒಂದು ಮಾಡಿದ, ಆಮೇಲೆಯೇ ಚಹಾ ಕುಡಿದನಂತೆ. ಆ ದಿನದಿಂದ ಅವನು ಯಾರಿಗೂ ಹೊಸ ದಾಖಲೆ ತೆರೆಯಲು ಹೆದರುತ್ತಾನೆ, ಮೂರು ಸಲ ಕೇಳುತ್ತಾನೆ.

ಕೇಳುವ ಕೆಲಸ ನೀನು ಹೇಳಿದಂತೆಯೇ ಆಯಿತು. ಮೊದಲ ದಿನ ಒಬ್ಬಳನ್ನು "ತವರಿನ್ಯಾಗ ಏನಂತ ಕರೀತಾರಬೇ?" ಎಂದು ಕೇಳಿದೆ. ಅವಳು ಅತ್ತೆಯ ಮುಖ ನೋಡಿದಳು, ಅತ್ತೆ ನನ್ನ ಮುಖ ನೋಡಿದಳು. "ಅದೆಲ್ಲ ಮುಗೀತು. ನಾವಿಟ್ಟ ಹೆಸರು ಅದ ಅಲಾ, ಬರೀರಿ" ಎಂದಳು ಅತ್ತೆ. ಅಲ್ಲಿಗೆ ಮುಗಿಯಿತು.

ಆಮೇಲೆ ಉಪಾಯ ಮಾಡಿದೆ. ನಮ್ಮ ಕಂಪೌಂಡರ್ ರೇವಣಪ್ಪ ಇದ್ದಾರಲ್ಲ, ಅವರು ಬಾಗಿಲಿಗೆ ಬಂದು, "ಹಿರಿಯರು ಯಾರರ ಈ ಕಡೆ ಬರ್ರಿ, ಗುಳಿಗಿ ಹೆಂಗ ಕೊಡೂದು ಹೇಳ್ತೇನಿ" ಎನ್ನುತ್ತಾರೆ. ಅತ್ತೆಯಂದಿರಿಗೆ ಹಿರಿಯರು ಎಂದರೆ ಸಾಕು, ಸೆರಗು ಸರಿಮಾಡಿಕೊಂಡು ಹೋಗುತ್ತಾರೆ. ಅಷ್ಟರಲ್ಲಿ ನಾನು ಕೇಳಿಬಿಡುತ್ತೇನೆ.

ವತ್ಸಲಾ, ನೀನು ಇಲ್ಲಿ ಇರಬೇಕಿತ್ತು. ಒಬ್ಬಳು ತುಟಿ ಮುಚ್ಚಿಕೊಂಡು ನಕ್ಕು, "ದ್ಯಾವಮ್ಮ ರೀ" ಎಂದಳು. ಐದನೆಯ ಬಸುರಿ, ತಲೆ ಅರ್ಧ ನೆರೆತಿದೆ, ಹೇಳುವಾಗ ಹದಿನಾರರ ಹುಡುಗಿಯಾದಳು. ಇನ್ನೊಬ್ಬಳು ಹೇಳಿ, "ನೀವೊಮ್ಮಿ ಅನ್ರಿ ಅಕ್ಕಾರ" ಎಂದಳು. ನಾನು ಅಂದೆ. ಅವಳು ಮತ್ತೇನೂ ಕೇಳಲಿಲ್ಲ, ಕಣ್ಣೊರೆಸಿಕೊಂಡು ತೂಕ ಮಾಡಿಸಲು ಹೋದಳು. ನನಗೂ ಅಳು ಬಂತು, ಬಸುರಿಗೆ ಅಳು ಬೇಗ ಬರುತ್ತದೆ ಎಂದು ನೆಪ ಹೇಳಿಕೊಂಡೆ. ಮದೀನಾಬಿ ಮಾತ್ರ ಜೋರಾಗಿಯೇ, "ನಮ್ಮಾಗ ಹೆಸರು ಬದಲಿ ಮಾಡೂದಿಲ್ರಿ, ತವರಿನ್ಯಾಗೂ ಮದೀನಾಬಿ, ಇಲ್ಲೂ ಮದೀನಾಬಿ" ಎಂದು ಎಲ್ಲರ ಹೊಟ್ಟೆ ಉರಿಸಿದಳು.

ಸುದ್ದಿ ಊರಿಗೆ ಹಬ್ಬಿದೆ. ನಮ್ಮ ಅತ್ತೆ ಶಾರದಾಬಾಯಿಯವರ ಕಿವಿಗೂ ಬಿತ್ತು. ರೊಟ್ಟಿ ಬಡಿಯುತ್ತ ನನ್ನ ಕಡೆ ನೋಡದೆ, "ಮಂದಿ ಸೊಸೆಯಂದಿರಿಗೆ ಹಳೀ ಹೆಸರು ನೆನಪು ಮಾಡಿ ಕೊಡಾಕತ್ತೀಯಂತ. ನಿಂದೂ ಬರಕೊಂಡಿ ಏನು?" ಎಂದರು. ನಾನು, "ಇಲ್ರಿ ಅತ್ತೀ" ಎಂದೆ.

ಸುಳ್ಳಲ್ಲ. ನಿಜವಾಗಿಯೂ ಬರೆದಿಲ್ಲ. ಊರವರೆಲ್ಲರದೂ ಬರೆದೆ, ನನ್ನದೊಂದರ ಮುಂದೆ ಖಾಲಿ. ನನ್ನ ತಪಾಸಣೆಗೆ ಅವರೇ ಜೊತೆಗೆ ಬರುತ್ತಾರೆ, ಮೇಜಿನ ಪಕ್ಕ ಕೂರುತ್ತಾರೆ. ಎರಡು ಕೂಸು ಹೋದಾಗ ನನಗೆ ಒಂದು ಕೆಟ್ಟ ಮಾತು ಆಡದ ಹೆಂಗಸು ಅವರು. ನನ್ನ ತಲೆಗೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ತಾವು ಬಚ್ಚಲಲ್ಲಿ ಕೂತು ಅತ್ತವರು. ಅವರ ಅತ್ತೆಯ ಹೆಸರನ್ನೇ ನನಗೆ ಇಟ್ಟಿದ್ದಾರೆ. ಅದನ್ನು ಬಿಟ್ಟು ಇನ್ನೊಂದು ಬರೆದರೆ ಅವರ ಮುಖ ಹೇಗಾದೀತು ಎಂದು ಕೈ ಹಿಂದೆ ಬರುತ್ತದೆ.

ಬರುವ ವಾರ ಕುಬಸ. ಹಸಿರು ಸೀರೆ ಬಂದಿದೆ. ಅಣ್ಣ ಮಲ್ಲಣ್ಣ ಜೀಪು ತರುತ್ತಾನಂತೆ.

ನಿನ್ನ,
ಗುರುಶಾಂತಮ್ಮ

*

ಹೈದರಾಬಾದ್
2 ಮಾರ್ಚ್ 1992

ಜಗದೇವಿ,

ಇದು ನಿನ್ನ ಕುಬಸದೊಳಗೆ ಮುಟ್ಟಲಿ ಎಂದು ನಾನೇ ಸ್ಟೇಷನ್ನಿಗೆ ಹೋಗಿ ಟಪಾಲು ಡಬ್ಬಿಗೆ ಹಾಕುತ್ತಿದ್ದೇನೆ.

ಶಾರದಾಬಾಯಿಯವರು ಒಳ್ಳೆಯವರು, ಒಪ್ಪಿದೆ. ಆದರೆ ಒಳ್ಳೆಯವರ ಮುಂದೆ ಸಂಕೋಚಪಟ್ಟು ನಿನ್ನ ಕೂಸನ್ನು ಪಣಕ್ಕಿಡಬೇಡ. ಅವರಿಗೆ ಹೇಳಿ ಬರಿ, ಹೇಳದೆ ಬರಿ, ಹೇಗಾದರೂ ಬರಿ. ಗುಂಡಿ ಒತ್ತುವ ಮೊದಲು ಬರಿ. ಆಳಂದದ ಯಂತ್ರಕ್ಕೆ ನಿನ್ನನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲದಿದ್ದರೆ, ನಾನು ಮಾಡಿದ್ದೆಲ್ಲ ನೀರಿನ ಮೇಲೆ ಬರೆದ ಹಾಗೆ.

ನನ್ನ ಪ್ರಬಂಧ ಹಾಳಾಗಲಿ. ನಿನ್ನದೊಂದು ಸರಿಯಾಗಲಿ.

ವತ್ಸಲಾ

*

ಆಳಂದ
19 ಏಪ್ರಿಲ್ 1992

ವತ್ಸಲಾ ಅಕ್ಕನವರಿಗೆ ಬೀಬಿಜಾನ ಮಾಡುವ ಸಲಾಂ.

ಗುರುಶಾಂತಕ್ಕನವರು ಬರೆಯುವ ಸ್ಥಿತಿಯಲ್ಲಿಲ್ಲ, ಅವರು ಹೇಳಿದ್ದಕ್ಕೆ ನಾನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ. ತಾಯಿ ಇದ್ದಾರೆ, ಕೂಸೂ ಇದೆ. ಹೆಣ್ಣು.

ಶುಕ್ರವಾರ ಮಧ್ಯಾಹ್ನ ಅವರನ್ನು ಜೀಪಿನಲ್ಲಿ ತಂದರು. ತಿಂಗಳು ತುಂಬಿರಲಿಲ್ಲ. ಜ್ವರ ಏರಿ ಮಾತು ತೊದಲುತ್ತಿತ್ತು, ಯಾರು ಏನು ಕೇಳಿದರೂ ಗೊತ್ತಾಗುತ್ತಿರಲಿಲ್ಲ. ಅವರ ತಾಯಿ ನನ್ನ ಮೇಜು ಹಿಡಿದುಕೊಂಡು, "ಜಗದೇವಿ, ನನ್ನ ಮಗಳು ಜಗದೇವಿ, ಕಿಣ್ಣಿ ಸುಲ್ತಾನ" ಎಂದು ಅದನ್ನೇ ಹೇಳುತ್ತಿದ್ದರು. ನಾನು ಗುರುಶಾಂತಕ್ಕನವರ ಜೊತೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇನೆ, ಮುಖ ನೋಡಿರಲಿಲ್ಲ. ಅವರೇ ಎಂದು ನನಗೆ ಹೇಗೆ ಗೊತ್ತಾಗಬೇಕು?

ಜಗದೇವಿ ಎಂದು ಒತ್ತಿದೆ. ಅಕ್ಕಾ, ತೆರೆದುಕೊಂಡಿತು. ಮೊದಲ ಸಾಲಿನಲ್ಲೇ ರಕ್ತದ ವಿಷಯ, ಕೆಳಗೆ ವ್ಯಂಕಟೇಶ ಡಾಕ್ಟರರು ಮಾಡಿಸಿದ ಪರೀಕ್ಷೆಗಳೆಲ್ಲ, ಯಾರಿಗೆ ಫೋನು ಮಾಡಬೇಕು ಎಂಬುದೂ ಇತ್ತು. ನಮ್ಮ ಡಾಕ್ಟರಮ್ಮ ಓದಿದವರೇ ಗುಲಬರ್ಗಾಕ್ಕೆ ಫೋನು ಹಚ್ಚಿದರು. ಕೂಸು ಹುಟ್ಟುವ ಹೊತ್ತಿಗೆ ಜೀಪು ಬಾಗಿಲಲ್ಲಿ ಚಾಲೂ ಇತ್ತು, ಗುಲಬರ್ಗಾದಲ್ಲಿ ರಕ್ತ ತಯಾರಿತ್ತು. ಅಲ್ಲಿ ಕೂಸಿನ ರಕ್ತ ಬದಲಿಸಿದರಂತೆ. ನಿನ್ನೆ ಸಂಜೆ ಹಳದಿ ಇಳಿಯುತ್ತಿದೆ ಎಂದು ಮಲ್ಲಣ್ಣನವರು ಬಂದು ಹೇಳಿದರು. ಗುರುಶಾಂತಕ್ಕನವರ ತಾಯಿ ನನ್ನ ಎರಡೂ ಗಲ್ಲ ಸವರಿ ನೆಟಿಗೆ ಮುರಿದರು.

ಕೂಸಿನ ದಾಖಲೆ ತೆರೆದು ತಾಯಿಯದಕ್ಕೆ ಕಟ್ಟಿದ್ದೇನೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.

ನಿಮ್ಮ ತಂಗಿ,
ಬೀಬಿಜಾನ

*

ಜೇವರ್ಗಿ
14 ಸೆಪ್ಟೆಂಬರ್ 1992

ಪ್ರೀತಿಯ ವತ್ಸಲಾ,

ಐದನೇ ತಿಂಗಳಿಗೆ ಮಗಳನ್ನು ಕರೆದುಕೊಂಡು ಬಂದೆ. ಅವಳು ನಿನ್ನ ಹಾಗೆ, ಯಾರು ಏನು ಹೇಳಿದರೂ ಹುಬ್ಬು ಗಂಟು ಹಾಕಿಕೊಂಡು ಕೇಳುತ್ತಾಳೆ. ನಿನ್ನ ಪ್ರಬಂಧ ಪಾಸಾಯಿತೆಂದು ತಿಳಿದು ದವಾಖಾನೆಯಲ್ಲಿ ಪೇಢೆ ಹಂಚಿದೆ. ಡಾಕ್ಟರು ಎರಡು ತಿಂದರು. ಗೋದಾಮಿನ ಮಾತು ಈಗ ಯಾರೂ ಎತ್ತುವುದಿಲ್ಲ.

ಇವತ್ತಿನದನ್ನು ಇವತ್ತೇ ಬರೆಯದಿದ್ದರೆ ಹೊಟ್ಟೆ ಒಡೆಯುತ್ತದೆ.

ಕುಬಸದ ಹಿಂದಿನ ದಿನ ನಾನು ಅತ್ತೆಗೆ ಹೇಳದೆಯೇ ಬರೆದಿದ್ದೆ. ಅವರು ರೇವಣಪ್ಪನವರ ಹತ್ತಿರ ಗುಳಿಗೆ ಕೇಳಲು ಹೋಗಿದ್ದರು. ನಾನು ಮಾಡಿದ ಉಪಾಯಕ್ಕೆ ನಮ್ಮ ಅತ್ತೆಯೇ ಸಿಕ್ಕಿಬಿದ್ದರು ಎಂದು ನಗು ಬರಲಿಲ್ಲ, ಅವರು ತಿರುಗಿ ಬರುವುದರೊಳಗೆ ಬರೆದು ಮುಗಿಸಿದೆ. ಆಮೇಲೆ ಆಳಂದದಲ್ಲಿ ಏನಾಯಿತು, ಯಾವ ಹೆಸರಿಗೆ ಬಾಗಿಲು ತೆರೆಯಿತು ಎಂದು ನಮ್ಮ ಯಜಮಾನರು ಇಲ್ಲಿಗೆ ಬಂದು ತಮ್ಮ ತಾಯಿಗೆ ಎಲ್ಲ ಹೇಳಿದ್ದರಂತೆ. ಅತ್ತೆ ನನ್ನ ಹತ್ತಿರ ಅದರ ಮಾತೇ ತೆಗೆದಿರಲಿಲ್ಲ. ನಾನೂ ತೆಗೆಯಲಿಲ್ಲ. ಇಷ್ಟು ತಿಂಗಳು ಆ ಮಾತು ನಮ್ಮಿಬ್ಬರ ನಡುವೆ ಮುಚ್ಚಿಟ್ಟ ಪಾತ್ರೆಯಂತೆ ಇತ್ತು.

ಇವತ್ತು ಕೂಸಿಗೆ ಸೂಜಿ ಹಾಕಿಸಲು ಅವರೇ ಎತ್ತಿಕೊಂಡು ಬಂದರು. ಬೆಳಿಗ್ಗೆ ಬೀಬಿಜಾನ ನಮ್ಮಿಬ್ಬರ ವಸ್ತುಗಳನ್ನು ಕಳಿಸಿದ್ದಳು, ತಾಯಿಯದರ ಬೆನ್ನಿಗೆ ಮಗಳದು, ನೀನು ಹೇಳಿದ ಹಾಗೆಯೇ. ಪರದೆಯ ಮೇಲೆ ನನ್ನದು ತೆರೆದಿತ್ತು. ಆಳಂದದ ಹೆಸರು, ಜೇವರ್ಗಿಯ ಹೆಸರು ಎರಡೂ ಒಂದರ ಕೆಳಗೊಂದು. ಅತ್ತೆಗೆ ಓದಲು ಅಷ್ಟಿಷ್ಟು ಬರುತ್ತದೆ. ಬೆರಳಿಟ್ಟು ನಿಧಾನವಾಗಿ ಓದಿದರು.

"ಜಗದೇವಿ."

ಆರು ವರ್ಷದಲ್ಲಿ ಈ ಮನೆಯವರ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. ನಾನು ತಲೆ ತಗ್ಗಿಸಿ ಕೂತೆ, ಈಗ ಬೈಗುಳ ಬರುತ್ತದೆ ಎಂದು. ಅವರು ಕೂಸನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡರು.

"ನಂದು ಭೌರಮ್ಮ ಇತ್ತು" ಎಂದರು.

ನಾನು ಮುಖ ಎತ್ತಿ ನೋಡಿದೆ.

"ತವರೂರು ಮಟಕಿಯಾಗ. ಅಪ್ಪ ಭೌರಿ ಅಂತಿದ್ದ. ಅವ ಹೋಗಿ ಮೂವತ್ತು ವರ್ಷ ಆತು, ಅಣ್ಣನೂ ಹೋದ. ಈಗ ಯಾರಿಗೂ ಗೊತ್ತಿಲ್ಲ. ನಿನ್ನ ಗಂಡ ದೌಲತರಾಯಗೂ ಗೊತ್ತಿಲ್ಲ." ಪರದೆಯ ಕಡೆ ಬೆರಳು ಮಾಡಿ, "ಬರಿ ಅದ್ರಾಗ" ಎಂದರು.

ಅದು ಬಸುರಿ ಬಾಣಂತಿಯರ ಯಂತ್ರ. ಆದರೂ ಒಂದು ಹೊಸ ವಸ್ತು ತೆರೆದೆ. ವಯಸ್ಸು ಕೇಳಿತು, ಬರೆದೆ. ತಿಂಗಳು ಎಷ್ಟು ಎಂದು ಕೇಳಿತು, ಸೊನ್ನೆ ಎಂದೆ. ಯಾವ ಊರಿಗೆ ಕಳಿಸಬೇಕು ಎಂದು ಕೇಳಿ ನಿಂತುಬಿಟ್ಟಿತು, ಅದನ್ನು ತುಂಬದಿದ್ದರೆ ನಿನ್ನ ಯಂತ್ರ ಮುಂದೆ ಹೋಗುವುದಿಲ್ಲವಲ್ಲ.

"ಅತ್ತೀ, ಎಲ್ಲಿಗೆ ಹೋಗ್ತೀರಿ ಅಂತ ಕೇಳಾಕತ್ತದ್ರಿ."

"ಎಲ್ಲಿಗಬೇ ಹೋಗ್ಲಿ? ತವರು ಎಲ್ಲಿ ಉಳೀತು?" ಎಂದರು. "ಎಲ್ಲೂ ಕಳಸಬ್ಯಾಡ. ಇಲ್ಲೇ ಇರ್ಲಿ. ಇಲ್ಲೇ ಕರೀರಿ."

ಹೋಗುವ ಊರು ಜೇವರ್ಗಿ ಎಂದೇ ಬರೆದೆ. ಅಲ್ಲಿಯ ಹೆಸರು ಭೌರಮ್ಮ. ಇದ್ದಲ್ಲಿಂದ ಇದ್ದಲ್ಲಿಗೇ ಕಳಿಸಿದ ವಸ್ತುವನ್ನು ಅದು ಏನು ಮಾಡುತ್ತದೋ ನನಗೆ ಗೊತ್ತಿಲ್ಲ, ತಕರಾರು ಮಾಡದೆ ಇಟ್ಟುಕೊಂಡಿತು.

ಅತ್ತೆ ಹೋಗಿ ಬಾಗಿಲ ಹತ್ತಿರದ ಬೆಂಚಿನ ಮೇಲೆ ಉಳಿದ ಹೆಂಗಸರ ಸಾಲಿನಲ್ಲಿ ಕೂತರು. ನಾನು ದಿನಾ ಕೂಗುವ ಹಾಗೆ ಒಬ್ಬೊಬ್ಬರದೇ ಹೆಸರು ಕೂಗುತ್ತ ಬಂದೆ. ಕೂಸಿನ ಸರದಿ ಬಂದಾಗ, ಎತ್ತಿಕೊಂಡವರ ಹೆಸರು ಹಿಡಿದು, ಎಲ್ಲರಿಗೂ ಕೇಳುವಂತೆ ಜೋರಾಗಿ ಕರೆದೆ, "ಭೌರಮ್ಮ!"

ಬೆಂಚಿನ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ತಡಮಾಡಲಿಲ್ಲ.

"ಓ, ಬಂದ್ನಿ" ಎಂದು ನನ್ನ ಮಗಳನ್ನು ಎದೆಗವಚಿಕೊಂಡು ಎದ್ದು ಬಂದರು.

ನಿನ್ನ,
ಗುರುಶಾಂತಮ್ಮ